ಮಂದೆ ಒಡೆದ ದಿನ

ಬೆಳಿಗ್ಗೆ ಏಳರಿಂದ ಎಂಟರೊಳಗೆ ಮೂರು ಸಲ ರಸ್ತೆಯವರೆಗೆ ಹೋಗಿ ಬಂದೆ. ಪಾವಗಡದಿಂದ ಮಧುಗಿರಿಗೆ ಬಂದು, ಅಲ್ಲಿ ಹಿಂದೂಪುರದ ಬಸ್ಸು ಹಿಡಿದು ಕೊಡಿಗೇನಹಳ್ಳಿಯಲ್ಲಿ ಇಳಿಯಬೇಕಾದವರು ಹತ್ತು ಗಂಟೆಗೆ ಮುಂಚೆ ಬರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಹೋದೆ. ಮೂರನೇ ಸಲ ವಾಪಸು ಬಂದಾಗ ಅಂಗಳದಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಅತ್ತಿಗೆ ಕರಿಬಸಮ್ಮ ತಲೆ ಎತ್ತಿದಳು.

“ಏನ್ ಯಶೋದಮ್ಮ, ಕಾಲ್ನಾಗೆ ಚಕ್ರ ಕಟ್ಕಂಡಿದ್ದೀಯ? ಕುಂತ್ಕ ಬಾ. ಬರೋರು ಬಂದೇ ಬತ್ತಾರೆ.”

ಬರುತ್ತಾರೆ ಅಂತಲೇ ಭಯ ಅತ್ತಿಗೆ, ಎನ್ನಬೇಕೆನಿಸಿತು. ಒಂದು ಲೋಟ ನೀರು ಕುಡಿದೆ. ಸಾಲದೆ ಇನ್ನೊಂದು ಲೋಟ ಕುಡಿದೆ.

ಬರಬೇಕಾಗಿದ್ದವಳು ನನ್ನ ತಂಗಿ ಸ್ನೇಹಲತಾ, ಅವಳ ಜೊತೆ ಅವಳ ಗಂಡ ಅಂಜನ್ ಕುಮಾರ್. ಒಂಬತ್ತು ವರ್ಷದಿಂದ ಅವಳು ನಮ್ಮ ತವರಾದ ಈ ಮನೆಯ ಹೊಸಿಲು ತುಳಿದಿರಲಿಲ್ಲ. ಅಣ್ಣ ಜಯರಾಮು ತನ್ನನ್ನು ಬರಬೇಡ ಎಂದಿದ್ದಾನೆ ಎಂದು ಅವಳು ನಂಬಿದ್ದಳು. ಅವಳೇ ಈ ಮನೆ ಬೇಡವೆಂದು ಹೋದಳು ಎಂದು ಅಣ್ಣ ನಂಬಿದ್ದ. ಎರಡೂ ಸುಳ್ಳು. ಎರಡನ್ನೂ ಹೇಳಿದವಳು ನಾನು. ಅವರಿಬ್ಬರು ಎದುರೆದುರು ನಿಂತು ಐದು ನಿಮಿಷ ಮಾತಾಡಿದರೆ ಸಾಕು, ನನ್ನ ಬಣ್ಣ ಬಯಲಾಗುತ್ತಿತ್ತು. ಸಂಜೆ ಅವರು ಬಸ್ಸು ಹತ್ತುವವರೆಗೆ ಆ ಐದು ನಿಮಿಷ ಅವರಿಗೆ ಸಿಗದ ಹಾಗೆ ನೋಡಿಕೊಳ್ಳುವುದೇ ಆ ದಿನ ನನಗಿದ್ದ ಕೆಲಸ.

ಹಾಗಿದ್ದರೆ ಕರೆದದ್ದೇಕೆ ಎಂದು ಕೇಳುತ್ತೀರಿ. ಮಂದೆ ಒಡೆಯುವುದಿತ್ತು, ಅದಕ್ಕೆ.

ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಬೋರಪ್ಪ ಮಕ್ಕಳಲ್ಲಿ ಗಂಡು ಹೆಣ್ಣು ಎಂದು ಭೇದ ಮಾಡಿದವನಲ್ಲ. ಒಂದೊಂದು ಮಗು ಹುಟ್ಟಿದಾಗಲೂ ಮಂದೆಯಿಂದ ಒಂದು ಹೆಣ್ಣುಮರಿ ಆರಿಸಿ, ಅದರ ಕಿವಿಯಲ್ಲಿ ಆ ಮಗುವಿಗೆಂದೇ ಒಂದು ಗುರುತು ಕೊಯ್ದು ಬಿಡುತ್ತಿದ್ದ. ಆ ಮರಿ ಬೆಳೆದು ಈದದ್ದೆಲ್ಲ ಆ ಮಗುವಿನ ಪಾಲು. ಅಣ್ಣನ ಗುರುತು, ಬಲಗಿವಿಯ ತುದಿ ಕತ್ತರಿಸಿದ್ದು. ನನ್ನದು ಎಡಗಿವಿಯಲ್ಲಿ ಉದ್ದಕ್ಕೆ ಒಂದು ಸೀಳು. ಸ್ನೇಹಳದು ಎಡಗಿವಿಯ ಕೆಳಗಿನ ಅಂಚಿನಲ್ಲಿ ಉಗುರಿನಷ್ಟು ಅರ್ಧಚಂದ್ರದ ಕಚ್ಚು. ಮದುವೆಯಾಗಿ ಹೋದರೂ ನಮ್ಮ ಕುರಿಗಳು ತವರಿನ ಮಂದೆಯಲ್ಲೇ ಇರುತ್ತವೆ. ಮಂದೆ ಒಡೆಯುವ ಕಾಲ ಬಂದಾಗ ಮಾತ್ರ ಒಡಹುಟ್ಟಿದವರೆಲ್ಲ ಗಂಡ ಹೆಂಡಿರ ಸಮೇತ ಬಂದು, ಕುರಿ ಕೂಡುವ ರೊಪ್ಪದ ಬಾಯಲ್ಲಿ ನಿಂತು, ತಮ್ಮ ತಮ್ಮದನ್ನು ಬಿಡಿಸಿಕೊಳ್ಳಬೇಕು. ಒಬ್ಬರು ಬರದಿದ್ದರೂ ರೊಪ್ಪದ ಬಾಗಿಲು ತೆಗೆಯುವಂತಿಲ್ಲ.

ಅಣ್ಣನಿಗೆ ಎರಡೂ ಮೊಣಕಾಲು ಸವೆದಿವೆ. ಬೇಸಿಗೆಯಲ್ಲಿ ಅವನು ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಪಾವಗಡದ ಕಡೆಯ ಬಯಲಿನಲ್ಲಿ ಈಗ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಹಲಗೆಗಳು. ತನ್ನ ಪಾಲಿನವಷ್ಟೇ ಇದ್ದರೆ ಸಾಕು, ಕೆರೆಯಂಗಳದಲ್ಲಿ ಮೇಯಿಸಿಕೊಂಡು ಇರುತ್ತೇನೆ ಎಂದು ತೀರ್ಮಾನ ಮಾಡಿ, ಹದಿನೈದು ದಿನದ ಹಿಂದೆ ನನಗೆ ಫೋನ್ ಮಾಡಿದ.

“ಎಲ್ರುನ್ನೂ ಕರಿ ಯಶೋದ.”

“ಎಲ್ರುನ್ನೂ ಅಂದ್ರೆ?”

“ಅಪ್ಪಂಗೆ ಮಕ್ಳು ಎಷ್ಟ್ ಜನ?” ಎಂದು ಕೇಳಿ ಫೋನ್ ಇಟ್ಟುಬಿಟ್ಟ.

ಸ್ನೇಹಳ ನಂಬರು ನನ್ನ ಹತ್ತಿರ ಮಾತ್ರ ಇತ್ತು. ಎರಡು ವರ್ಷದ ಹಿಂದೆ ಕೊರಟಗೆರೆಯಲ್ಲಿ ಟೀಚರುಗಳಿಗೆ ಏನೋ ತರಬೇತಿ ಇದ್ದಾಗ ಅವಳು ನಾನು ಸಹಾಯಕಿಯಾಗಿರುವ ಅಂಗನವಾಡಿ ಹುಡುಕಿಕೊಂಡು ಬಂದಿದ್ದಳು. ಅಂದಿನಿಂದ ಭಾನುವಾರ ತಪ್ಪಿದರೂ ಅವಳ ಫೋನು ತಪ್ಪುವುದಿಲ್ಲ. “ಆ ಮನೇಲಿ ನನ್ನೋಳು ಅಂತ ಇರೋದು ನೀನೊಬ್ಳೇ ಅಕ್ಕ” ಅನ್ನುತ್ತಾಳೆ. ಅದನ್ನು ಕೇಳಿಸಿಕೊಂಡು ಹೂಂ ಎನ್ನುತ್ತಾ ಬಂದಿದ್ದೇನೆ, ನಾಚಿಕೆ ಇಲ್ಲದೆ.

ಅವತ್ತಿನದನ್ನು ಹೇಳಿಬಿಡುತ್ತೇನೆ. ಶ್ರಾವಣ ಮಾಸ. ಅಣ್ಣ ಮಂದೆ ಹೊಡೆದುಕೊಂಡು ಶಿರಾ ದಾಟಿ ಹೋಗಿದ್ದ. ಅತ್ತಿಗೆ ಹೆರಿಗೆಗೆಂದು ತವರಿನಲ್ಲಿದ್ದಳು. ಮನೆ ನೋಡಿಕೊಳ್ಳಲು ನಾನು ಬಂದಿದ್ದೆ. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಗಿ ಹೋಗಿ ನೋಡಿದರೆ ಸ್ನೇಹ ಮತ್ತು ಅಂಜನ್. ಮಧುಗಿರಿಯ ರಿಜಿಸ್ಟ್ರಾರ್ ಆಫೀಸಿನಿಂದ ನೇರವಾಗಿ ಬಂದಿದ್ದರು. ಇಬ್ಬರ ಕೊರಳಲ್ಲೂ ಸೇವಂತಿಗೆ ಹಾರ. ಅಂಜನ್ ಪಾವಗಡದ ಹತ್ತಿರದ ಕಾಲೊನಿಯವನು. ಅವನ ಅಪ್ಪ ಕದಿರಯ್ಯ ಕೂಲಿ ಮಾಡಿ ಮಗನನ್ನು ಲೆಕ್ಕದ ಮೇಷ್ಟ್ರು ಮಾಡಿದ್ದ. ಅವರ ಮನೆಯಲ್ಲಿ ಬುದ್ಧನ ಪಟಕ್ಕೆ ಕೈ ಮುಗಿಯುತ್ತಾರೆ. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಅರ್ಥವಾಗುತ್ತದೆ. ನನಗೂ ಅರ್ಥವಾಗಿತ್ತು.

ನಾನು ಬಾಗಿಲಿಗೆ ಅಡ್ಡ ನಿಂತೆ. “ಅಣ್ಣ ಫೋನ್ ಮಾಡಿ ಹೇಳವ್ನೆ ಕಣೆ, ನೀನು ಈ ಹೊಸ್ಲು ತುಳಿಬಾರ್ದಂತೆ. ನಾನೇನ್ ಮಾಡ್ಲಿ” ಎಂದು ಅತ್ತೆ. ಆ ಅಳು ನಿಜವಾದದ್ದೇ. ಮಾತು ಮಾತ್ರ ಸುಳ್ಳು. ಅಣ್ಣನನ್ನು ನಾನು ಕೇಳಿಯೇ ಇರಲಿಲ್ಲ. ಸ್ನೇಹ ಹಾರ ಬಿಚ್ಚಿ ಹೊಸಿಲ ಮೇಲಿಟ್ಟು ಹೋದಳು. ಮೂರು ವಾರವಾದ ಮೇಲೆ ಅಣ್ಣ ಬಂದವನೇ, “ಪುಟ್ಟಿ ಬಂದಿದ್ಲಂತೆ?” ಎಂದ. ನಾನು ಆ ಸುಳ್ಳಿಗೆ ಇನ್ನೊಂದನ್ನು ಹೊಲಿದೆ. “ಬಂದಿದ್ಲು. ಈ ಮನೇರು ನಂಗ್ಯಾರೂ ಬ್ಯಾಡ ಅಂತ ಹೇಳಿ ಹೋದ್ಲು.” ಅವನು ಹೆಗಲ ಮೇಲಿನ ಕಂಬಳಿ ತೆಗೆದು ಗೂಟಕ್ಕೆ ಹಾಕಿದ. ಅವತ್ತು ಊಟಕ್ಕೆ ಏಳಲಿಲ್ಲ.

ಯಾಕೆ ಹಾಗೆ ಮಾಡಿದೆ? ಅತ್ತೆಮನೆಯವರ ಬಾಯಿಗೆ ಹೆದರಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಇತ್ತು. ಆದರೆ ಅದಕ್ಕಿಂತ ಒಳಗಿದ್ದದ್ದು ಹೊಟ್ಟೆಕಿಚ್ಚು. ಅವ್ವ ಕರಿಯಕ್ಕ ತೀರಿಕೊಂಡಾಗ ಸ್ನೇಹಳಿಗೆ ಮೂರು ವರ್ಷ, ನನಗೆ ಹನ್ನೆರಡು. ಅವಳನ್ನು ಸೊಂಟದ ಮೇಲೆ ಹೊತ್ತುಕೊಳ್ಳಲು ನಾನು ಸ್ಕೂಲು ಬಿಟ್ಟೆ. ಅವಳು ಬಿ.ಎಡ್. ಮಾಡಿದಳು, ನಾನು ಅಪ್ಪ ತೋರಿಸಿದವನಿಗೆ ಕತ್ತು ಕೊಟ್ಟೆ. ನಾನೇ ತಲೆ ಬಾಚಿ ಬೆಳೆಸಿದ ಹುಡುಗಿ ತನಗೆ ಬೇಕಾದವನ ಕೈ ಹಿಡಿದು ಬಾಗಿಲಲ್ಲಿ ನಗುತ್ತ ನಿಂತದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ.

ಒಂಬತ್ತೂವರೆಗೆ ನನ್ನ ಗಂಡ ಚಿರಂಜೀವಿ ಲಗೇಜ್ ಆಟೊ ತೆಗೆದ. ಬಸ್‌ಸ್ಟ್ಯಾಂಡಿಗೆ ನಾನೂ ಬರುತ್ತೇನೆ ಎಂದು ಹತ್ತಿ ಕುಳಿತೆ. ಒಳ್ಳೆಯವನು ಚಿರಂಜೀವಿ, ನಾನು ಅವನನ್ನು ದೂರುವಂತಿಲ್ಲ. ಆದರೆ ಅವನ ಬಾಯಿಗೆ ಬ್ರೇಕಿಲ್ಲ. ಎದುರಿಗೆ ಸಿಕ್ಕವರ ಹತ್ತಿರ ಮೂರು ತಲೆಮಾರಿನ ವಿಷಯ ಮಾತಾಡದೆ ಅವನಿಗೆ ತಿಂದದ್ದು ಅರಗುವುದಿಲ್ಲ. ನನ್ನ ಸುಳ್ಳು ಅವನಿಗೂ ಗೊತ್ತಿರಲಿಲ್ಲ.

ಬಸ್ಸಿನಿಂದ ಮೊದಲು ಅಂಜನ್ ಇಳಿದ. ಕೂದಲು ಕಿವಿಯ ಹತ್ತಿರ ನರೆತಿತ್ತು. ಹಿಂದೆ ಸ್ನೇಹ, ಕೈಯಲ್ಲಿ ಬಾಳೆಹಣ್ಣು, ಹೂವು, ಸಿಹಿಯ ಡಬ್ಬಿ. ನನ್ನನ್ನು ಕಂಡವಳೇ ಅಷ್ಟನ್ನೂ ಗಂಡನ ಕೈಗೆ ತುರುಕಿ ನನ್ನ ಕತ್ತಿಗೆ ಜೋತುಬಿದ್ದಳು.

“ಏನ್ ಷಡ್ಡಕ್ರೇ, ಮುಂದೆ ಬನ್ನಿ, ನಮ್ ಪಕ್ಕ ಕುಂತ್ಕಳಿ” ಎಂದು ಚಿರಂಜೀವಿ ಅಂಜನ್‌ನನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡ. ಅಕ್ಕತಂಗಿಯರನ್ನು ಕೊಂಡವರು ಅಂತ ಒಂದು ನೆಂಟಸ್ತಿಕೆ ಸಿಕ್ಕಿದ್ದು ಅವನಿಗೆ ಭಾರಿ ಖುಷಿ. ನಾವಿಬ್ಬರು ಹಿಂದೆ ಗೋಣಿಚೀಲ ಹಾಸಿಕೊಂಡು ಕುಳಿತೆವು. ಮುಂದೆ ಅವನು ಏನು ಒದರುತ್ತಿದ್ದಾನೋ ಇಂಜಿನ್ನಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಗಾಜಿನೊಳಗಿಂದ ಅವನ ಎಡಗೈ ಆಡುವುದು ಮಾತ್ರ ಕಾಣುತ್ತಿತ್ತು. ನನ್ನ ಅರ್ಧ ಜೀವ ಅಲ್ಲೇ ಇತ್ತು.

“ಅಕ್ಕ, ಅಣ್ಣನೇ ಕರಿ ಅಂದ್ನಾ? ನಿಜ ಹೇಳು.”

“ಅವನೇ ಅಂದ ಕಣೆ. ಅಪ್ಪಂಗೆ ಮಕ್ಳು ಎಷ್ಟ್ ಜನ ಅಂತ ನನ್ನೇ ಕೇಳ್ದ.”

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. “ನನ್ ಪಾಲು ಅಂತ ಏನೂ ಇರಲ್ಲ, ನಂಗೊತ್ತು. ನನ್ ಕುರಿ ಎಲ್ಲಾ ಯಾವತ್ತೋ ಕಟುಕರ ಪಾಲಾಗಿರ್ತವೆ. ಶಾಸ್ತ್ರಕ್ಕೆ ನಿಲ್ಲಕ್ಕೆ ಕರೆದವ್ನೆ. ನಿಲ್ತೀನಿ, ಅಷ್ಟೇ ಸಾಕು.”

“ಹಳೇದೆಲ್ಲ ಎತ್ಬ್ಯಾಡ ಪುಟ್ಟಿ. ಅವನಿಗೆ ಬಿಪಿ ಐತೆ.”

“ಹಳೇದು ಬೇಡ. ಒಂದೇ ಒಂದು ಮಾತು ಕೇಳ್ತೀನಿ. ಫೋನಲ್ಲಿ ಹೇಳಿ ಕಳ್ಸೋ ಬದ್ಲು ನನ್ನ ಎದುರಿಗೆ ನಿಂತು ಹೇಳಕ್ಕೆ ಆಗ್ಲಿಲ್ವಾ ಅಂತ.”

“ಕೇಳುವಂತೆ. ಕುರಿ ಎಲ್ಲಾ ಬುಟ್ಟಾದ್ಮ್ಯಾಲೆ ಕೇಳುವಂತೆ” ಎಂದೆ. ಅಷ್ಟರಲ್ಲಿ ಸಂಜೆಯ ಬಸ್ಸಿನ ಹೊತ್ತಾಗುತ್ತದೆ, ಅವಸರದಲ್ಲಿ ಮರೆಯುತ್ತಾಳೆ ಎಂದು ಲೆಕ್ಕ ಹಾಕಿದೆ.

ಮನೆಯ ಮುಂದೆ ಅಣ್ಣ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದ. ಒಗೆದ ಪಂಚೆ, ಹೆಗಲ ಮೇಲೆ ಅಪ್ಪನ ಕರಿಕಂಬಳಿ. ಸ್ನೇಹ ಆಟೊ ಇಳಿದು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಇಬ್ಬರೂ ಒಬ್ಬರ ಕಾಲು ಒಬ್ಬರು ನೋಡುತ್ತಿದ್ದರು. ಮುಖ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಬಾ” ಎಂದ ಅಣ್ಣ. ಆಮೇಲೆ ಅಂಜನ್ ಕಡೆ ತಿರುಗಿ, “ಬನ್ನಿ ಮೇಷ್ಟ್ರೆ, ಕೈಕಾಲ್ ತೊಳ್ಕಳಿ” ಎಂದು ತಾನೇ ಬಗ್ಗಿ ನೀರು ಹಾಕಲು ಹೋದ. ಮೊಣಕಾಲು ಹಿಡಿದುಕೊಂಡಿತು. ಅಂಜನ್ ಚೊಂಬು ಇಸಿದುಕೊಂಡ.

ಹೊಸಿಲ ಹತ್ತಿರ ಸ್ನೇಹ ಮತ್ತೆ ನಿಂತಳು. ಅತ್ತಿಗೆ ಒಳಗಿನಿಂದ ಬಂದು ಅವಳ ರಟ್ಟೆ ಹಿಡಿದು ಎಳೆದುಕೊಂಡಳು. “ಏನ್ ಕೈ ಮುಗಿದು ಬರ್ಬೇಕಾ ನಿಮ್ಮನೆಗೆ ನೀನು? ಬಾರಮ್ಮಿ ಸಾಕು.”

ಟೀ ಬಂತು, ಮಂಡಕ್ಕಿ ಬಂತು. ಮಂದೆ ಒಡೆಯುವವರೆಗೆ ಊಟ ಇಲ್ಲ, ಅದು ಪದ್ಧತಿ. ನಾನು ಅಣ್ಣನಿಗೂ ಸ್ನೇಹಳಿಗೂ ನಡುವೆ ಜಾಗ ಮಾಡಿಕೊಂಡು ಕುಳಿತೆ. ಅವನು ಎದ್ದರೆ ನಾನೂ ಎದ್ದೆ, ಅವಳು ನೀರಿಗೆ ಹೋದರೆ ನಾನೂ ಹೋದೆ. ಒಂದು ಸಲ ಅಣ್ಣ ಗಂಟಲು ಸರಿಮಾಡಿಕೊಂಡು, “ಸ್ಕೂಲು ಹೆಂಗೈತೆ?” ಎಂದು ಅವಳನ್ನು ಕೇಳಿದ. ಅವಳು ಬಾಯಿ ತೆರೆಯುವುದರೊಳಗೆ, “ಚೆನ್ನಾಗೈತಂತೆ, ಹುಡುಗ್ರೇ ಕಮ್ಮಿಯಂತೆ” ಎಂದು ನಾನೇ ಉತ್ತರ ಕೊಟ್ಟೆ. ಅತ್ತಿಗೆ ನನ್ನನ್ನು ವಿಚಿತ್ರವಾಗಿ ನೋಡಿದಳು. ಚಿರಂಜೀವಿ ಮಂಡಕ್ಕಿ ಮುಕ್ಕುತ್ತ, “ಅಲ್ಲಾ ಭಾವ, ಒಂಬತ್ತ್ ವರ್ಷದಿಂದ ನೀವು ಅಣ್ಣತಂಗೀರು ಯಾತುಕ್ಕೆ...” ಎಂದು ಶುರು ಮಾಡಿದ. ನನ್ನ ಕೈಯಲ್ಲಿದ್ದ ಟೀ ಲೋಟವನ್ನು ಬೇಕೆಂದೇ ಅವನ ತೊಡೆಯ ಮೇಲೆ ಕೆಡವಿದೆ. ಅವನು ಅಯ್ಯಯ್ಯೋ ಎಂದು ಕುಣಿದ. ಮಾತು ಅಲ್ಲಿಗೆ ನಿಂತಿತು.

ಲೋಟ ತೊಳೆಯಲು ಹಿತ್ತಿಲ ತೊಟ್ಟಿಗೆ ಹೋದಾಗ ಅಂಜನ್ ಅಲ್ಲಿಗೆ ಬಂದ. ಕೈ ತೊಳೆಯುವವನ ಹಾಗೆ ಬಗ್ಗಿ, ಮೆಲ್ಲಗೆ ಮಾತಾಡಿದ.

“ಅಕ್ಕಾ, ಒಂದು ವಿಷಯ. ಚಿರಂಜೀವಿ ಅವರು ದಾರಿಯಲ್ಲಿ ಹೇಳ್ತಾ ಬಂದ್ರು. ಭಾವ ಫೋನ್ ಅಂತ ತಗೊಂಡಿದ್ದೇ ಕೊರೋನಾ ಟೈಮಲ್ಲಂತೆ. ಅದಕ್ಕೆ ಮುಂಚೆ ಅವರ ಹತ್ರ ಫೋನೇ ಇರ್ಲಿಲ್ಲವಂತೆ.”

ನಾನು ಲೋಟವನ್ನು ಉಜ್ಜುತ್ತಲೇ ಇದ್ದೆ.

“ಅವತ್ತು ನೀವು ಫೋನ್ ಮಾಡಿ ಹೇಳಿದ್ದಾರೆ ಅಂದ್ರಿ. ನಾನು ಅಲ್ಲೇ ನಿಂತಿದ್ದೆ ಕದಾ ಅಕ್ಕಾ.” ಅವನಿಗೆ ಸಿಟ್ಟು ಬಂದರೆ ಮಾತು ತೆಲುಗಿನ ಕಡೆ ಜಾರುತ್ತದೆ. ಆದರೂ ದನಿ ಏರಿಸಲಿಲ್ಲ. “ನಾನು ಸ್ನೇಹಂಗೆ ಹೇಳಲ್ಲ. ಇದು ನಾನು ಹೇಳೋ ಮಾತಲ್ಲ, ನೀವೇ ಹೇಳ್ಬೇಕು. ಇವತ್ತೇ ಹೇಳಿ.”

“ಇವತ್ತ್ ಬ್ಯಾಡ” ಎಂದೆ. “ಇವತ್ತೊಂದಿನ ಎಲ್ಲಾ ಚೆನ್ನಾಗ್ ಆಗ್ಲಿ.”

“ಯಾರಿಗೆ ಚೆನ್ನಾಗಿ ಅಕ್ಕಾ?” ಎಂದ. ಕೈ ಒದರಿಕೊಂಡು ಹೊರಟುಹೋದ. ಒಂಬತ್ತು ವರ್ಷದ ಹಿಂದೆ ಬಾಗಿಲಲ್ಲಿ ನಿಂತಾಗಲೂ ಅವನು ಹೀಗೇ ಒಂದು ಮಾತೂ ಹೆಚ್ಚಿಗೆ ಆಡದೆ ಹೋಗಿದ್ದ.

ಹನ್ನೊಂದೂವರೆಗೆ ಎಲ್ಲರೂ ರೊಪ್ಪದ ಹತ್ತಿರ ಸೇರಿದೆವು. ಸುತ್ತಲೂ ಜಾಲಿಮುಳ್ಳಿನ ಬೇಲಿ, ಬಾಯಿಗೆ ಬಿದಿರಿನ ತಡಿಕೆ. ಒಳಗೆ ಕುರಿಗಳು ಕಿಕ್ಕಿರಿದು ಅರಚುತ್ತಿದ್ದವು. ತಡಿಕೆಯ ಆಚೆ ಕಲ್ಲಿನ ಮೇಲೆ ಅಣ್ಣ ಕೆಮ್ಮಣ್ಣು ಕಲಸಿದ ಬಟ್ಟಲುಗಳನ್ನಿಟ್ಟಿದ್ದ. ಮೂರು ಬಟ್ಟಲು. ಕಿವಿಗುರುತು ನೋಡಿ ತನ್ನದು ಎನ್ನುವುದು ಹುಟ್ಟಿದವರ ಕೆಲಸ, ಆ ಕುರಿಯ ಬೆನ್ನಿಗೆ ಕೆಮ್ಮಣ್ಣು ಬಳಿದು ಬಿಡುವುದು ಕೈಹಿಡಿದವರ ಕೆಲಸ. ಅತ್ತಿಗೆ ಒಂದು ಬಟ್ಟಲು ತೆಗೆದುಕೊಂಡಳು, ಚಿರಂಜೀವಿ ಒಂದು. ಮೂರನೆಯದನ್ನು ಅಣ್ಣ ತಾನೇ ಎತ್ತಿ ಅಂಜನ್ ಕೈಗೆ ಕೊಟ್ಟ. ಶಾಸ್ತ್ರಕ್ಕೆ ಕೊಡುತ್ತಿದ್ದಾನೆ ಎಂದುಕೊಂಡಳೋ ಏನೋ, ಸ್ನೇಹ ಮುಖ ಆಚೆ ತಿರುಗಿಸಿದಳು. ನಾನೂ ಹಾಗೇ ಅಂದುಕೊಂಡೆ. ಎಷ್ಟೋ ವರ್ಷದಿಂದ ನಾನು ಈ ರೊಪ್ಪದೊಳಗೆ ಕಾಲಿಟ್ಟಿರಲಿಲ್ಲ. ಹಬ್ಬಕ್ಕೆ ಬರುವುದು, ಅಡಿಗೆಮನೆಯಲ್ಲಿ ಕೂರುವುದು, ಹೋಗುವುದು, ಅಷ್ಟೇ.

ಇದರಲ್ಲಿ ಒಂದು ಕಟ್ಟುನಿಟ್ಟು ಉಂಟು. ಕುರಿಯನ್ನು ತಡೆದು ‘ಯಾರ್ದು’ ಎಂದು ಕೇಳಿದಾಗ ಗುರುತಿನವರೇ ಬಾಯಿಬಿಟ್ಟು ‘ನಂದು’ ಅನ್ನಬೇಕು. ಎಲ್ಲರಿಗೂ ಕೇಳುವಂತೆ ಅನ್ನಬೇಕು. ಗುರುತು ಎಷ್ಟೇ ಎದ್ದು ಕಾಣುತ್ತಿರಲಿ, ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ಹೇಳಿದರೆ ಆ ಕುರಿ ಮತ್ತೆ ರೊಪ್ಪದೊಳಗೆ ಹೋಗುತ್ತದೆ. ಅಪ್ಪನ ಕಾಲದಲ್ಲಿ ದೊಡ್ಡಪ್ಪಂದಿರ ಮಂದೆ ಒಡೆದಾಗ ಸ್ನೇಹ ನನ್ನ ಸೊಂಟದ ಮೇಲಿದ್ದಳು. ಕಂಡ ಕುರಿಗೆಲ್ಲ ‘ನಂದು ನಂದು’ ಎಂದು ಕೂಗುತ್ತಿದ್ದವಳ ಬಾಯಿ ಮುಚ್ಚಿ, ಬೇರೆಯವರ ಮಾತು ನಾವು ಆಡಬಾರದು ಎಂದು ಹೇಳಿಕೊಟ್ಟವಳು ನಾನೇ.

ಅಣ್ಣ ತಡಿಕೆಯನ್ನು ಒಂದು ಕುರಿ ತೂರುವಷ್ಟು ಸರಿಸಿದ. ಮೊದಲನೆಯದು ಬಂತು, ಬಲಗಿವಿ ತುದಿ ಕತ್ತರಿಸಿದ್ದು. “ಯಾರ್ದು?” ಎಂದು ತಾನೇ ಕೂಗಿ, “ನಂದು” ಎಂದು ತಾನೇ ಹೇಳಿದ. ಅತ್ತಿಗೆ ಕೆಮ್ಮಣ್ಣು ಬಳಿದಳು. ಮತ್ತೆ ಅವನದೇ ಎರಡು. ಆಮೇಲೆ ಸೀಳುಗಿವಿಯದು. “ಯಾರ್ದು?” “ನಂದು.” ಚಿರಂಜೀವಿ ಬಳಿದ, ಕುರಿಗಿಂತ ಹೆಚ್ಚು ತನ್ನ ಅಂಗಿಗೆ ಬಳಿದುಕೊಂಡ. ಅಂಜನ್ ಕೂಡ ನಕ್ಕ. ಹೀಗೇ ನಡೆದರೆ ಎರಡು ಗಂಟೆಗೆ ಊಟ, ನಾಲ್ಕಕ್ಕೆ ಬಸ್ಸು ಎಂದು ನಾನು ಲೆಕ್ಕ ಹಾಕಿದೆ.

ಆಮೇಲೆ ಒಂದು ಕಪ್ಪು ಮರಿ ಬಂತು. ಅಣ್ಣ ಅದರ ಎಡಗಿವಿ ಹಿಡಿದು ಎತ್ತಿದ. ಕೆಳಗಿನ ಅಂಚಿನಲ್ಲಿ ಅರ್ಧಚಂದ್ರದ ಕಚ್ಚು.

“ಯಾರ್ದು?”

ಸ್ನೇಹ ಬೇಲಿಯ ಕಡೆ ನೋಡುತ್ತಿದ್ದಳು. ನಾನು ಮರಿಯನ್ನು ನೋಡಿದೆ. ಮೂರು ತಿಂಗಳ ಮರಿ. ಕೊಯ್ದ ಜಾಗದಲ್ಲಿ ಅರಿಶಿನದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಿವಿಯ ಗುರುತು ತಾಯಿಯಿಂದ ಮರಿಗೆ ತಾನಾಗಿ ಬರುವ ವಸ್ತುವಲ್ಲ. ಈದ ತಾಯಿ ಯಾರದೆಂದು ನೆನಪಿಟ್ಟುಕೊಂಡು, ಒಂದೊಂದು ಮರಿಯನ್ನೂ ತೊಡೆಯ ಮೇಲೆ ಹಿಡಿದು, ಯಾರಾದರೂ ಕೂತು ಕೊಯ್ಯಬೇಕು. ಅಪ್ಪ ಹೋಗಿ ಹದಿಮೂರು ವರ್ಷವಾಗಿತ್ತು.

“ಯಾರ್ದು?” ಅಣ್ಣ ಇನ್ನೊಂದು ಸಲ ಕೇಳಿದ. ಹಿಂದಿನಿಂದ ಕುರಿಗಳು ನೂಕುತ್ತಿದ್ದವು. ಅವನು ನೋಯುವ ಮೊಣಕಾಲನ್ನೇ ತಡಿಕೆಗೆ ಒತ್ತಿ ನಿಂತಿದ್ದ.

ಅತ್ತಿಗೆಗೆ ತಡೆಯಲಾಗಲಿಲ್ಲ. “ಲೇ ಸ್ನೇಹ, ನೋಡ್ಬಾರೆ ಇತ್ಲಾಗೆ” ಎಂದಳು. ಸ್ನೇಹ ತಿರುಗಿದಳು, ಹತ್ತಿರ ಬಂದಳು, ಬಗ್ಗಿ ಮರಿಯ ಕಿವಿ ಮುಟ್ಟಿದಳು.

“ಇದು ನಂದಲ್ವಾ... ಅಣ್ಣ, ಇದನ್ಯಾರು ಕುಯ್ದಿದ್ದು?”

“ಇನ್ಯಾರ್ ಕುಯ್ತಾರೆ? ನಾನೇ ಕುಯ್ದೆ.”

“ಎಷ್ಟವೆ ಇಂಥವು?”

“ಅವೆ. ಒಳ್ಗೆ ಇಪ್ಪತ್ತರ ಮ್ಯಾಲವೆ. ನಿನ್ ಮರೀನ ನಾನು ಒಂದ್ ವರ್ಷನೂ ಗುರುತು ಹಾಕ್ದಂಗೆ ಬುಟ್ಟಿಲ್ಲ.”

ಸ್ನೇಹ ನೆಟ್ಟಗೆ ನಿಂತಳು. ಅವಳ ಮುಖ ಕೆಂಪಾಗಿತ್ತು. ಸಂತೋಷವಲ್ಲ, ಸಿಟ್ಟು. “ನನ್ನ ಹೊಸ್ಲು ತುಳಿಬ್ಯಾಡ ಅಂದೋನು, ನನ್ ಮರಿ ಕಿವಿ ಯಾಕ್ ಕುಯ್ದೆ ನೀನು? ಒಂಬತ್ತು ವರ್ಷ ಅಣ್ಣ! ಒಂದ್ಸಲನಾದ್ರೂ ಬಾ ಅಂದ್ಯಾ?”

“ನಾನಾ? ತುಳಿಬ್ಯಾಡ ಅಂತ ನಾನ್ ಯಾವಾಗ್ಲೇ ಅಂದೆ?”

“ಫೋನ್ ಮಾಡಿ ಹೇಳಿದ್ಯಲ್ಲ!”

“ನಂತಾವ ಫೋನೆಲ್ಲಿತ್ತು ಆಗ?” ಎಂದ ಅಣ್ಣ. “ನೀನೇ ಅಲ್ವೇನಮ್ಮಿ, ಈ ಮನೇರು ನಂಗ್ಯಾರೂ ಬ್ಯಾಡ ಅಂತ ಹೇಳಿ ಹೋದೋಳು?”

“ನಾನಾ?” ಎಂದಳು ಅವಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ನನ್ನ ಕಡೆ ಇನ್ನೂ ಯಾರೂ ತಿರುಗಿರಲಿಲ್ಲ. ಅಂಜನ್ ಬಟ್ಟಲಿನಲ್ಲಿದ್ದ ಕೆಮ್ಮಣ್ಣನ್ನು ಬೆರಳಿನಿಂದ ತಿರುವುತ್ತ ತಲೆ ತಗ್ಗಿಸಿದ್ದ. “ಬುಡಿ ಭಾವ, ಯಾರೋ ಕಿಡಿಗೇಡಿಗಳು ಹಚ್ಚಿಕೊಟ್ಟಿರ್ತಾರೆ. ಹಳೇ ಮಾತು, ಈಗ್ಯಾತುಕ್ಕೆ” ಎಂದ ಚಿರಂಜೀವಿ. ಪಾಪ, ಅವನು ತನಗೆ ಗೊತ್ತಿಲ್ಲದೆಯೇ ನನಗೊಂದು ದಾರಿ ಮಾಡಿಕೊಟ್ಟ. ಹೌದು, ಯಾರೋ ಹಚ್ಚಿಕೊಟ್ಟರು ಎಂದು ನಾನೂ ದನಿಗೂಡಿಸಬಹುದಿತ್ತು. ಬಾಯಿಯ ತುದಿಗೆ ಬಂದಿತ್ತು.

ಅಣ್ಣ ಮರಿಯ ಕಿವಿ ಬಿಡಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದ. ಅವನು ದಡ್ಡನಲ್ಲ. ಆ ಎರಡೂ ಮಾತು ಹುಟ್ಟಿದಾಗ ಈ ಮನೆಯಲ್ಲಿ ಇದ್ದವರು ಯಾರು ಎಂದು ಅವನಿಗೆ ಗೊತ್ತಿತ್ತು. ಕೂಗಾಡಲಿಲ್ಲ. ಅಲ್ಲಿಯವರೆಗೆ ಕುರಿಗಳಿಗೆ ಕೇಳುತ್ತಿದ್ದ ದನಿಯಲ್ಲೇ ಕೇಳಿದ.

“ಆ ಮಾತು ಯಾರ್ದು ಯಶೋದ?”

ರೊಪ್ಪದ ಬಾಯಲ್ಲಿ ಕೇಳಿದ್ದಕ್ಕೆ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ.

“ನಂದು” ಎಂದೆ. ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. “ನಂದು. ಎರಡೂ ನಂದು. ಅವ್ಳಿಗೆ ಹೇಳಿದ್ದೂ ನಂದು, ನಿಂಗೆ ಹೇಳಿದ್ದೂ ನಂದು. ನೀವಿಬ್ರೂ ಏನೂ ಅಂದಿಲ್ಲ.”

ಅತ್ತಿಗೆ ಬಟ್ಟಲು ಹಿಡಿದುಕೊಂಡೇ ಕಲ್ಲಿನ ಮೇಲೆ ಕುಳಿತಳು. ಚಿರಂಜೀವಿಯ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನಮ್ಮ ಮದುವೆಯಾದ ಮೇಲೆ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಸ್ನೇಹ ಅಳುತ್ತಾಳೆ, ಬೈಯುತ್ತಾಳೆ, ಬಂದು ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

“ನೀನೊಬ್ಳೇ ನನ್ನೋಳು ಅಂತಿದ್ನಲ್ಲ” ಎಂದಳು. “ಪ್ರತೀ ಭಾನುವಾರ ಅಂತಿದ್ನಲ್ಲ. ಹೂಂ ಅಂತಿದ್ಯಲ್ಲ ನೀನು.”

ಹೊಟ್ಟೆಕಿಚ್ಚಿನ ಕಥೆ ಹೇಳಲು ಅದು ಹೊತ್ತಲ್ಲ, ಹೇಳಿದರೂ ಅದು ಉತ್ತರವಾಗುತ್ತಿರಲಿಲ್ಲ. ತಪ್ಪಾಯ್ತು ಎಂದೆ. ಆ ಮಾತು ಕುರಿಗಳ ಅರಚಾಟದಲ್ಲಿ ಎಲ್ಲಿ ಹೋಯಿತೋ.

ಅಣ್ಣ ಸೊಂಟ ನೆಟ್ಟಗೆ ಮಾಡಿಕೊಂಡ. ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. ತಂಗಿಯ ತಲೆಯ ಮೇಲೆ ಒಂದು ಸಲ ಕೈಯಿಟ್ಟು ತೆಗೆದ. ಆಮೇಲೆ ಮತ್ತೆ ಬಗ್ಗಿ ಆ ಕಪ್ಪು ಮರಿಯ ಕಿವಿ ಎತ್ತಿದ.

“ಯಾರ್ದು?”

“ನಂದು!” ಎಂದಳು ಸ್ನೇಹ. ಕೆರೆಯಂಗಳದಲ್ಲಿ ಮೇಯುತ್ತಿದ್ದ ದನಗಳು ಕೂಡ ತಲೆ ಎತ್ತುವಷ್ಟು ಜೋರಾಗಿ ಕೂಗಿದಳು. ಅಂಜನ್ ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ ಮರಿಯ ಬೆನ್ನಿಗೆ ಒತ್ತಿದ.

ಆಮೇಲೆ ಬಂದವೆಲ್ಲ ಹೆಚ್ಚಾಗಿ ಅವಳವೇ. ಮುದಿ ಕುರಿ, ಮರಿಗುರಿ, ಕೊಬ್ಬಿದ ಟಗರು, ಎಲ್ಲದರ ಎಡಗಿವಿಯಲ್ಲೂ ಆ ಉಗುರಿನಷ್ಟು ಕಚ್ಚು. ಅವಳು ಪ್ರತಿ ಸಲವೂ ನಂದು ಅಂದಳು. ಹತ್ತನೆಯದರ ಹೊತ್ತಿಗೆ ಗಂಟಲು ಬಿದ್ದಿತ್ತು, ಆದರೂ ಅಂದಳು. ಅಂಜನ್‌ನ ಕೈ ಮೊಣಕೈವರೆಗೆ ಕೆಂಪಾಗಿತ್ತು. ಅಣ್ಣ ಒಂದು ಟಗರನ್ನು ಹಿಡಿದು, “ಇದ್ರವ್ವ ಮಳೆಗಾಲ್ದಾಗೆ ಸಾಯಂಗಾಗಿತ್ತು, ಮನೆಯೊಳ್ಗೆ ಕಟ್ಕಂಡು ಉಳ್ಸ್‌ದೆ” ಎಂದು ಮೇಷ್ಟ್ರಿಗೆ ಹೇಳಿದ. ಅವರು ಮಾತಾಡುತ್ತಿದ್ದರು. ನಾನು ಬೆಳಗಿನಿಂದ ಬಿಟ್ಟುಕೊಡದಿದ್ದ ಆ ಐದು ನಿಮಿಷ ಯಾವಾಗಲೋ ಕಳೆದುಹೋಗಿತ್ತು.

ಆಮೇಲೆ ಒಂದು ಬಿಳಿಕುರಿ ಬಂತು. ಎಡಗಿವಿಯಲ್ಲಿ ಉದ್ದಕ್ಕೆ ಸೀಳು.

“ಯಾರ್ದು?”

ಈ ಮಂದೆಯಲ್ಲಿ ನನ್ನದೆನ್ನಲು ನನಗೇನು ಹಕ್ಕಿದೆ ಅನ್ನಿಸಿತು. ಬಟ್ಟಲು ಹಿಡಿದ ಚಿರಂಜೀವಿ ನನ್ನ ಮುಖ ನೋಡದೆ ನೆಲ ನೋಡುತ್ತಿದ್ದ. ಹಿಂದಿನ ಕುರಿಗಳು ನೂಕಿ ತಡಿಕೆ ಕರಕರ ಎಂದಿತು. ಅಣ್ಣ ಎರಡನೇ ಸಲ ಕೇಳಿದ, ಮೂರನೇ ಸಲ ಕೇಳಿದ. ನಾನು ಸ್ನೇಹಳ ಕಡೆ ತಿರುಗಿದೆ, ಅವಳಾದರೂ ಏನಾದರೂ ಅನ್ನಲಿ ಎಂದು.

ಅವಳು ತನ್ನ ಕುರಿಗಳನ್ನೇ ನೋಡುತ್ತ ನಿಂತಿದ್ದಳು.

“ಹೇಳು” ಎಂದಳು. “ನಿನ್ನ ಬದ್ಲು ಇನ್ನೊಬ್ರು ಹೇಳಂಗಿಲ್ಲ.”

ಅಕ್ಕ ಎನ್ನಲಿಲ್ಲ. ಎಲ್ಲರೂ ಕಾಯುತ್ತಿದ್ದರು. ನಾನು ಹೇಳಿದೆ. ಅಣ್ಣ ಕಿವಿ ಬಿಟ್ಟ, ಕುರಿ ನನ್ನ ಸೀರೆಗೆ ಉಜ್ಜಿಕೊಂಡು ಆಚೆಗೆ ಹೋಯಿತು.